ಕಣ್ಣಿನ ಮಣಿ

ಧಾರವಾಡದಿಂದ ಪುಣೆಗೆ ಬಂದಿದ್ದ ಅವ್ವನ ಎರಡೂ ಕಣ್ಣುಗಳಿಗೆ ಪೊರೆ ಬಂದಿರುವುದು ನಮಗೆ ಮೊದಲೇ ಗೊತ್ತಿತ್ತು. ಬಲಗಣ್ಣನ್ನು ಇನ್ನು ಹಾಗೆಯೇ ಬಿಡುವಂತಿಲ್ಲ ಎಂದು ವೈದ್ಯರು ಹೇಳಿದಾಗ ಅವಳೇನೂ ಅಂಜಲಿಲ್ಲ. ಅವಳ ವಾರಿಗೆಯವರೆಲ್ಲ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆ ಅದು. ತೊಡಕಾದದ್ದು ನನ್ನಿಂದ. ವೈದ್ಯರು ಮರಾಠಿಯಲ್ಲಿ ವಿವರಿಸುತ್ತಿದ್ದರು, ನಾನು ಅವ್ವನಿಗಾಗಿ ಕನ್ನಡಕ್ಕೆ ತರುತ್ತಿದ್ದೆ. ಕಣ್ಣೊಳಗಿನ ‘ಭಿಂಗ’ ಮಬ್ಬಾಗಿದೆ, ಅದನ್ನು ಪುಡಿ ಮಾಡಿ ಹೊರತೆಗೆದು ಅಲ್ಲಿ ಬೇರೊಂದನ್ನು ಕೂಡಿಸುತ್ತೇವೆ ಎಂದರು. ಮಸೂರ ಎಂದರೆ ಅವ್ವನಿಗೆ ತಿಳಿಯಲಾರದು ಎಂದುಕೊಂಡು ನಾನು ‘ಕಣ್ಣಿನ ಮಣಿ’ ಎಂದುಬಿಟ್ಟೆ.

ರಿಕ್ಷಾದಲ್ಲಿ ಮನೆಗೆ ಮರಳುವಾಗ ಅವಳು ಮಾತಾಡಲಿಲ್ಲ. ಬಾಗಿಲ ಬಳಿ ಚಪ್ಪಲಿ ಕಳಚುತ್ತ ಕೇಳಿದಳು: “ಅಲ್ಲೋ, ಪೊರಿ ತಗೀತಾರ ಅಂತ ತಿಳಕೊಂಡಿದ್ದೆ ನಾ. ಮಣೀನ ತಗದ್ ಒಗದ್ರ, ಆಮ್ಯಾಲೆ ನೋಡೂದು ಯಾತರ್ಲೆ?”

ಆ ರಾತ್ರಿ ಊಟಕ್ಕೆ ಕುಳಿತಾಗ ಶಸ್ತ್ರಚಿಕಿತ್ಸೆ ಬೇಡವೆಂದೂ ಹೇಳಿದಳು.

ಸುಲಭದ ಪ್ರಶ್ನೆ ಎಂದು ನನಗೆ ಮೊದಲು ತೋರಿತು. ಉತ್ತರಿಸಲು ಹೊರಟಾಗ ಮಾತು ಸಿಗಲಿಲ್ಲ. ತಪ್ಪು ನನ್ನ ಅನುವಾದದ್ದೋ ನಮ್ಮ ಭಾಷೆಯದ್ದೋ ಎಂದು ಯೋಚಿಸುತ್ತ ‘ಪೊರೆ’ ಎಂಬ ಶಬ್ದವನ್ನೇ ಹಿಡಿದು ಕುಳಿತೆ. ಪೊರೆ ಎಂದರೆ ಮೇಲಿನ ತೆಳ್ಳನೆಯ ಹೊದಿಕೆ, ಹಾವು ಬಿಟ್ಟುಹೋಗುವಂಥದ್ದು. ಕಣ್ಣಿಗೆ ಪೊರೆ ಬಂದಿದೆ ಎಂದಾಗ ಒಳಗಿನ ಮಣಿ ಚೊಕ್ಕಟವಾಗಿಯೇ ಇದೆ, ಅದರ ಮುಂದೆ ಏನೋ ಒಂದು ಬಂದು ಕವಿದಿದೆ, ಹಾಲಿನ ಮೇಲಿನ ಕೆನೆಯಂತೆ ಅದನ್ನು ಎತ್ತಿಬಿಟ್ಟರಾಯಿತು ಎಂಬ ಭಾವನೆ ಬರುತ್ತದೆ. ಮರಾಠಿಯವರು ‘ಮೋತಿಬಿಂದು’ ಎನ್ನುತ್ತಾರೆ. ಅವರ ಕಣ್ಣಿನಲ್ಲಿ ಮುತ್ತಿನ ಹನಿಯೊಂದು ಬಂದು ಕೂತಿದೆ. ಅರಬ್ಬಿ ವೈದ್ಯರು ಇದನ್ನು ‘ನೀರಿಳಿಯುವುದು’ ಎಂದು ಕರೆದರು. ಹನ್ನೊಂದನೆಯ ಶತಮಾನದಲ್ಲಿ ಅವರ ಗ್ರಂಥಗಳು ಲ್ಯಾಟಿನ್ನಿಗೆ ಹೋದಾಗ ಆ ನೀರು ಜಲಪಾತವಾಯಿತು. ಇಂಗ್ಲಿಷಿನ ‘ಕ್ಯಾಟರ್ಯಾಕ್ಟ್’ ಎಂಬ ಹೆಸರು ಅಲ್ಲಿಂದ ಬಂದದ್ದು. ಯಾವ ಹೆಸರೂ ಮಣಿಯೇ ಕೆಟ್ಟಿದೆ ಎಂದು ಹೇಳುವುದಿಲ್ಲ. ಹೊರಗಿನದೇನೋ ಬಂದು ಮುಂದೆ ನಿಂತಿದೆ ಎಂದೇ ಎಲ್ಲವೂ ಹೇಳುತ್ತವೆ. ಅವ್ವ ನಂಬಿದ್ದು ಇದನ್ನೇ.

ಅದು ಅವಳೊಬ್ಬಳ ನಂಬಿಕೆಯಲ್ಲ ಎಂಬುದು ನನಗೆ ಗೊತ್ತಾದದ್ದು ಆನಂತರ, ನಾಚಿಕೆಯಿಂದಲೋ ಹಟದಿಂದಲೋ ದೃಷ್ಟಿಶಾಸ್ತ್ರದ ಇತಿಹಾಸವನ್ನು ಓದತೊಡಗಿದಾಗ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್, ನೋಡುವ ಮುಖ್ಯ ಅವಯವ ಕಣ್ಣಿನ ನಡುವಿನ ಸ್ಫಟಿಕದಂಥ ಮಣಿಯೇ ಎಂದು ಸಾರಿದ್ದ. ಅದಕ್ಕೆ ಅವನು ಕೊಟ್ಟ ಸಾಕ್ಷಿ ಪೊರೆಯದೇ. ಪೊರೆಯು ಮಣಿಗೂ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೂ ನಡುವೆ ಬೆಳೆಯುತ್ತದೆ, ಆಗ ಕಣ್ಣು ಕಾಣುವುದಿಲ್ಲ. ವೈದ್ಯನು ಸೂಜಿಯಿಂದ ಅದನ್ನು ಕೆಳಕ್ಕೆ ತಳ್ಳಿದರೆ ಮತ್ತೆ ಕಾಣುತ್ತದೆ. ಆದ್ದರಿಂದ ನೋಡುವುದು ಹಿಂದೆ ಉಳಿದ ಮಣಿಯೇ. ತರ್ಕ ನೇರವಾಗಿದೆ. ಆದರೆ ಸೂಜಿಯ ಮೊನೆ ಕೆಳಕ್ಕೆ ತಳ್ಳುತ್ತಿದ್ದುದು ಪೊರೆಯನ್ನಲ್ಲ, ಮಬ್ಬಾದ ಆ ಮಣಿಯನ್ನೇ. ಮಣಿ ಜಾಗ ಬಿಟ್ಟಮೇಲೂ ರೋಗಿಗೆ ಬೆಳಕು ಕಾಣುತ್ತಿತ್ತು. ತನ್ನ ಸಿದ್ಧಾಂತವನ್ನು ಕೆಡವಬೇಕಾದ ಪುರಾವೆಯನ್ನೇ ಗೇಲನ್ ಅದರ ಆಧಾರಸ್ತಂಭವನ್ನಾಗಿ ನಿಲ್ಲಿಸಿದ್ದ. ಹದಿನಾಲ್ಕು ಶತಮಾನಗಳ ಕಾಲ ಅದನ್ನು ಯಾರೂ ಅಲುಗಿಸಲಿಲ್ಲವೆಂದರೆ ಉತ್ಪ್ರೇಕ್ಷೆಯಾಗದು.

ನಮ್ಮಲ್ಲೂ ಆ ಸೂಜಿ ಇತ್ತು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಈ ಚಿಕಿತ್ಸೆಯ ವಿವರಗಳಿವೆ: ಜವೆಗೋಧಿಯ ಕಾಳಿನಂಥ ಮೊನೆಯ ಶಲಾಕೆ, ಕಣ್ಣನ್ನು ಚುಚ್ಚಬೇಕಾದ ಸ್ಥಾನ, ಎದೆಹಾಲಿನ ಸೇಚನ, ತುಪ್ಪದಲ್ಲಿ ನೆನೆಸಿದ ಹತ್ತಿಯ ಪಟ್ಟಿ. ಚಿಕಿತ್ಸೆಯ ಬಳಿಕ ಸೀನಬಾರದು, ಕೆಮ್ಮಬಾರದು, ತೇಗಬಾರದು, ಉಗುಳಬಾರದು ಎಂಬ ಪಥ್ಯವೂ ಉಂಟು. ಅಲ್ಲಿಯೇ ಇನ್ನೊಂದು ಮಾತಿದೆ. ಕಣ್ಣಿನಲ್ಲಿ ‘ದೃಷ್ಟಿ’ ಎಂಬ ಭಾಗವು ಮಸೂರದ ಬೇಳೆಯಷ್ಟಿದ್ದು ಮಿಂಚುಹುಳದ ಕಿಡಿಯಂತೆ ಹೊಳೆಯುತ್ತದೆ ಎನ್ನುತ್ತದೆ ಗ್ರಂಥ. ಲ್ಯಾಟಿನ್ನಿನಲ್ಲಿ ‘ಲೆನ್ಸ್’ ಎಂದರೂ ಮಸೂರದ ಕಾಳೇ. ಗಾಜಿನ ಬಿಲ್ಲೆಗೆ ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಬಳಕೆಯಾಗುವ ‘ಮಸೂರ’ವೂ ಅದೇ ಬೇಳೆ. ನಾನು ವೈದ್ಯರ ಮುಂದೆ ಆ ಶಬ್ದವನ್ನು ಬಿಟ್ಟು ‘ಮಣಿ’ಯನ್ನು ಆರಿಸಿಕೊಂಡದ್ದಕ್ಕೆ ಎರಡನೆಯ ಬಾರಿ ಪಶ್ಚಾತ್ತಾಪಪಟ್ಟೆ, ಅವ್ವ ಅಡುಗೆಮನೆಯ ದಾರಿಯಿಂದಾದರೂ ಅದನ್ನು ತಲುಪುತ್ತಿದ್ದಳೇನೋ.

ಮಿಂಚುಹುಳದ ಕಿಡಿ ಎಂಬ ಹೋಲಿಕೆ ಬರಿಯ ಅಲಂಕಾರವಲ್ಲ. ಕಣ್ಣಿನಲ್ಲಿ ಬೆಂಕಿಯಿದೆ, ಅದು ಹೊರಗೆ ಹರಿದು ವಸ್ತುವನ್ನು ಮುಟ್ಟಿದಾಗ ನೋಟ ಸಾಧ್ಯವಾಗುತ್ತದೆ ಎಂಬ ವಿಚಾರ ಪ್ರಾಚೀನ ಲೋಕದ ಎರಡು ದಿಕ್ಕುಗಳಲ್ಲಿಯೂ ಬೇರುಬಿಟ್ಟಿತ್ತು. ಕ್ರಿಸ್ತಪೂರ್ವ ಐದನೆಯ ಶತಮಾನದ ಎಂಪಿಡೊಕ್ಲಿಸ್ ಕಣ್ಣನ್ನು ಕಂದೀಲಿಗೆ ಹೋಲಿಸಿದ. ಪ್ಲೇಟೊ ಒಳಗಿನ ಬೆಂಕಿಯನ್ನು ಹಗಲಿನ ಬೆಳಕಿನೊಡನೆ ಬೆರೆಸಿದ. ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಬೆಂಕಿಯ ಗೊಡವೆ ಬಿಟ್ಟು, ಕಣ್ಣಿನಿಂದ ಹೊರಟ ಕಿರಣಗಳು ನೇರಗೆರೆಗಳೆಂದೂ ಅವೆಲ್ಲ ಸೇರಿ ಕಣ್ಣನ್ನೇ ತುದಿಯಾಗುಳ್ಳ ಶಂಕುವಾಗುತ್ತವೆ ಎಂದೂ ಇಟ್ಟುಕೊಂಡು ನೋಟಕ್ಕೆ ರೇಖಾಗಣಿತವನ್ನು ಕಟ್ಟಿದ. ಅಲೆಕ್ಸಾಂಡ್ರಿಯದ ಟಾಲೆಮಿ ಗಾಳಿಯಿಂದ ನೀರಿಗೆ, ಗಾಳಿಯಿಂದ ಗಾಜಿಗೆ ಹೋಗುವಾಗ ಕಿರಣ ಎಷ್ಟು ಬಾಗುತ್ತದೆ ಎಂದು ಅಳೆದು ಕೋಷ್ಟಕಗಳನ್ನೇ ಮಾಡಿದ. ಕಿರಣದ ದಿಕ್ಕು ತಿರುವುಮುರುವಾಗಿದ್ದರೂ ಅವರ ಗಣಿತ ನಿಂತಿತು, ಏಕೆಂದರೆ ಗೆರೆಗೆ ತಾನು ಎತ್ತಣಿಂದ ಹೊರಟೆ ಎಂಬ ಹಂಗಿಲ್ಲ.

ನಮ್ಮ ನೈಯಾಯಿಕರದೂ ಇದೇ ಪಕ್ಷ. ಚಕ್ಷುರಿಂದ್ರಿಯವು ತೈಜಸ, ಅದರ ರಶ್ಮಿ ವಸ್ತುವನ್ನು ಹೋಗಿ ಸೇರುತ್ತದೆ ಎಂದರು. ಆ ರಶ್ಮಿ ನಮಗೇಕೆ ಕಾಣದು? ನಡುಹಗಲಿನಲ್ಲಿ ಉಲ್ಕೆಯ ಬೆಳಕು ಕಾಣುತ್ತದೆಯೇ ಎಂದು ಮರುಪ್ರಶ್ನೆ. ಇರುಳಿನಲ್ಲಿ ತಿರುಗುವ ಪ್ರಾಣಿಗಳ ಕಣ್ಣುಗಳಲ್ಲಿ ಅದು ಕಂಡೇ ಕಾಣುತ್ತದಲ್ಲ ಎಂದು ನ್ಯಾಯಸೂತ್ರ ಬೊಟ್ಟುಮಾಡಿ ತೋರಿಸಿತು. ಬೌದ್ಧರು ಒಪ್ಪಲಿಲ್ಲ. ಜೈನರೂ ಒಪ್ಪಲಿಲ್ಲ. ಕನ್ನಡ ನಾಡಿನ ಜೈನಪರಂಪರೆ ತನ್ನವರೆಂದು ನೆನೆಯುವ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಎತ್ತಿದ ಆಕ್ಷೇಪ ನನಗೆ ಬಹಳ ಇಷ್ಟವಾಯಿತು. ಮುಟ್ಟಿದ್ದನ್ನು ಅರಿಯುವುದು ಕಣ್ಣಿನ ಸ್ವಭಾವವಾಗಿದ್ದರೆ, ಕಣ್ಣಿಗೆ ಹಚ್ಚಿದ ಕಾಡಿಗೆಯನ್ನು ಅದು ಎಲ್ಲಕ್ಕಿಂತ ಮೊದಲು ಕಾಣಬೇಕಿತ್ತು, ಕಾಣುವುದಿಲ್ಲವಲ್ಲ! ಯಂತ್ರವಿಲ್ಲ, ಅಳತೆಯಿಲ್ಲ, ಒಂದು ಕಾಡಿಗೆಯ ಬಟ್ಟಲು ಸಾಕಾಯಿತು.

ಆದರೂ ನಮ್ಮ ಮಾತು ಇಂದಿಗೂ ನೈಯಾಯಿಕರ ಕಡೆಗೇ ಇದೆ. ನಾವು ಕಣ್ಣು ಹಾಯಿಸುತ್ತೇವೆ, ದೃಷ್ಟಿ ನೆಡುತ್ತೇವೆ, ನೋಟ ಬೀರುತ್ತೇವೆ. ಮಗುವಿಗೆ ಕಣ್ಣು ತಾಗುತ್ತದೆ, ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಹಾಗೆಂದು ಎದುರುಪಕ್ಷಕ್ಕೆ ಕನ್ನಡದಲ್ಲಿ ಜಾಗವಿಲ್ಲವೆಂದಲ್ಲ. ‘ಅದರ ಮೇಲೆ ಕಣ್ಣು ಬಿತ್ತು’ ಎಂಬಲ್ಲಿ ಏನೋ ಹೊರಟದ್ದು ನನ್ನಿಂದ. ‘ಅದು ಕಣ್ಣಿಗೆ ಬಿತ್ತು’ ಎಂಬಲ್ಲಿ ಬಂದದ್ದು ಅದರಿಂದ. ನಾನು ನೋಡುತ್ತೇನೆ, ನನಗೆ ಕಾಣುತ್ತದೆ. ಎರಡು ಸಾವಿರ ವರ್ಷದ ವಾದ ಒಂದು ಚತುರ್ಥಿ ವಿಭಕ್ತಿಯಲ್ಲಿ ಅಡಗಿ ಕುಳಿತಿದೆ.

ವಸ್ತುವಿನಿಂದಲೇ ಏನೋ ಕಣ್ಣಿಗೆ ಬರುತ್ತದೆ ಎಂದವರು ಗ್ರೀಸಿನ ಪರಮಾಣುವಾದಿಗಳು. ವಸ್ತುಗಳ ಮೈಯಿಂದ ಅತಿ ತೆಳುವಾದ ಪದರಗಳು ಸದಾ ಕಳಚಿ ಹಾರುತ್ತಿರುತ್ತವೆ, ಅವು ಕಣ್ಣನ್ನು ಹೊಕ್ಕಾಗ ನೋಟ ಎಂದರು. ಅವರ ಮತವನ್ನು ಲ್ಯಾಟಿನ್ ಕಾವ್ಯವಾಗಿಸಿದ ಲುಕ್ರೀಷಿಯಸ್ ಆ ಪದರಗಳಿಗೆ ಕೊಟ್ಟ ಹೋಲಿಕೆಗಳಲ್ಲೊಂದು, ಮುಳ್ಳಿನ ಮೇಲೆ ಹಾವು ಕಳಚಿಟ್ಟ ಪೊರೆ. ಇದನ್ನೋದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ನಮ್ಮಲ್ಲಿ ನೋಟವನ್ನು ಕೆಡಿಸುವ ಪೊರೆ ಅವನಲ್ಲಿ ನೋಟವನ್ನು ತರುವ ಪೊರೆಯಾಗಿತ್ತು. ಆದರೆ ಬೆಟ್ಟದ ಪೊರೆ ಬೆಟ್ಟದಷ್ಟೇ ಇರಬೇಕಲ್ಲ, ಅದು ಕಣ್ಣಪಾಪೆಯೊಳಗೆ ತೂರುವುದು ಹೇಗೆ? ಒಂದೇ ಬೆಟ್ಟವನ್ನು ನೂರು ಮಂದಿ ಒಟ್ಟಿಗೆ ನೋಡುವುದು ಹೇಗೆ? ಇದಕ್ಕೆ ಅವರ ಬಳಿ ತೃಪ್ತಿಕರವಾದ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಕೈರೋದಲ್ಲಿ. ಬಸ್ರಾದಲ್ಲಿ 965ರ ಸುಮಾರಿಗೆ ಹುಟ್ಟಿದ ಇಬ್ನ್ ಅಲ್-ಹೈಥಮ್, ನೈಲ್ ನದಿಯ ಪ್ರವಾಹವನ್ನು ಹತೋಟಿಗೆ ತರಬಲ್ಲೆನೆಂದು ಹೇಳಿ ಖಲೀಫ ಅಲ್-ಹಾಕಿಮನ ಆಸ್ಥಾನಕ್ಕೆ ಹೋದನೆಂದೂ, ಅದು ಆಗದ ಕೆಲಸವೆಂದು ಅರಿವಾದಾಗ ಅರಸನ ಸಿಟ್ಟಿಗೆ ಹೆದರಿ ಹುಚ್ಚನಂತೆ ನಟಿಸುತ್ತ ಮನೆಯೊಳಗೇ ಉಳಿದನೆಂದೂ ಹಳೆಯ ಚರಿತ್ರಕಾರರು ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಏಳು ಸಂಪುಟಗಳ ‘ಕಿತಾಬ್ ಅಲ್-ಮನಾಝಿರ್’ ಮಾತ್ರ ನಿಜ. ಅವನು ಆರಂಭಿಸುವುದು ಯಾರೂ ಅಲ್ಲಗಳೆಯಲಾಗದ ಅನುಭವದಿಂದ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಬೆಳಗಿದ ವಸ್ತುವನ್ನು ಹೊತ್ತು ನೋಡಿ ಕತ್ತಲೆಯ ಕಡೆ ತಿರುಗಿದರೆ ಅದರ ಆಕಾರ ಕಣ್ಣಿನಲ್ಲೇ ಉಳಿದಿರುತ್ತದೆ. ಅಂದಮೇಲೆ ಹೊರಗಿನ ಬೆಳಕು ಕಣ್ಣಿನ ಮೇಲೆ ಏನನ್ನೋ ಮಾಡುತ್ತಿದೆ. ಇನ್ನು ಕಣ್ಣಿನಿಂದ ಹೊರಟದ್ದು ಆಕಾಶದ ನಕ್ಷತ್ರದವರೆಗೆ ತುಂಬಿಕೊಳ್ಳಬೇಕೆಂದರೆ, ಅಷ್ಟನ್ನು ಕೊಟ್ಟೂ ಕಣ್ಣು ಕಿಂಚಿತ್ತೂ ಕಡಿಮೆಯಾಗದಿರುವುದು ನಂಬತಕ್ಕ ಮಾತಲ್ಲ. ಗಣಿತಜ್ಞರ ಕಿರಣಗಳು ಇರಲಿ, ಅವು ಲೆಕ್ಕದ ಅನುಕೂಲಕ್ಕೆ ಎಳೆದ ಗೆರೆಗಳು ಎಂದು ಯೂಕ್ಲಿಡನ ಜ್ಯಾಮಿತಿಯನ್ನು ಉಳಿಸಿಕೊಂಡು ಅದರ ಕಿಚ್ಚನ್ನು ಆರಿಸಿದ.

ಬೆಟ್ಟದ ತೊಡಕನ್ನು ಅವನು ಬಿಡಿಸಿದ ರೀತಿ ಇನ್ನೂ ಸೊಗಸು. ಇಡೀ ವಸ್ತುವಿನ ಪೊರೆಯೇನೂ ಬರುವುದಿಲ್ಲ. ಬೆಳಗಿದ ಮೈಯ ಒಂದೊಂದು ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತಿರುತ್ತದೆ. ಹಾಗಾದರೆ ಕಣ್ಣಿನ ಒಂದೊಂದು ಎಡೆಗೂ ಎಲ್ಲ ಬಿಂದುಗಳ ಬೆಳಕು ಬಿದ್ದು ಕಲಸುಮೇಲೋಗರವಾಗಬೇಡವೇ? ಕಣ್ಣಿನ ಮೇಲ್ಮೈಗೆ ಲಂಬವಾಗಿ ಬಂದ ಕಿರಣ ಬಾಗದೆ ಒಳನುಗ್ಗುತ್ತದೆ, ಓರೆಯಾಗಿ ಬಂದವು ಬಾಗಿ ಬಲಗುಂದುತ್ತವೆ, ಲೆಕ್ಕಕ್ಕೆ ಬರುವುದು ಲಂಬವಾದದ್ದು ಮಾತ್ರ ಎಂದ. ಬೆಳಕುಗಳು ಒಂದರೊಡನೊಂದು ಬೆರೆಯುವುದಿಲ್ಲ ಎಂಬುದನ್ನು ತೋರಿಸಲು ಒಂದು ಕಿಂಡಿಯ ಎದುರಿಗೆ ಹಲವು ದೀಪಗಳನ್ನಿಟ್ಟ. ಕಿಂಡಿಯ ಆಚೆಯ ಕತ್ತಲೆಯ ಗೋಡೆಯ ಮೇಲೆ ಅಷ್ಟೇ ಬೆಳಕಿನ ತುಣುಕುಗಳು ಬಿದ್ದವು. ಒಂದು ದೀಪವನ್ನು ಮರೆಮಾಡಿದರೆ ಅದರ ತುಣುಕು ಮಾತ್ರ ಮಾಯ; ಮರೆ ತೆಗೆದರೆ ಮತ್ತೆ ಹಾಜರು. ಎಲ್ಲ ಬೆಳಕೂ ಒಂದೇ ಇಕ್ಕಟ್ಟಿನ ಕಿಂಡಿಯಿಂದ ಹಾದುಬಂದರೂ ಯಾವುದೂ ಇನ್ನೊಂದನ್ನು ಮೈಲಿಗೆ ಮಾಡಿರಲಿಲ್ಲ.

ಇಷ್ಟು ಮಾಡಿದವನು ಅವ್ವನ ಪ್ರಶ್ನೆಯ ಹೊಸ್ತಿಲಲ್ಲಿ ನಿಂತುಬಿಟ್ಟ. ನೋಡುವುದು ಮಣಿಯೇ ಎಂಬ ಗೇಲನನ ಮಾತನ್ನು ಅವನೂ ಬಿಡಲಿಲ್ಲ. ಕಿರಣಗಳು ಕಣ್ಣಿನ ನಡುವನ್ನು ದಾಟಿ ಮುಂದೆ ಹೋದರೆ ಒಂದನ್ನೊಂದು ಕತ್ತರಿಸಿ ಬಿಂಬ ತಲೆಕೆಳಗಾಗುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಲೋಕ ನೆಟ್ಟಗೆ ಕಾಣುತ್ತದಾದ್ದರಿಂದ ಹಾಗಾಗಕೂಡದು. ಅದಕ್ಕಾಗಿ ಕಿರಣಗಳು ಸೇರುವ ಮೊದಲೇ ಅವನ್ನು ಮಣಿಯ ಹಿಂಬದಿಯಲ್ಲಿ ಬಾಗಿಸಿ, ನೆಟ್ಟಗಿನ ಬಿಂಬವನ್ನು ನರದೊಳಕ್ಕೆ ಕಳಿಸಿಬಿಟ್ಟ. ತನ್ನ ಗಣಿತ ಹೇಳಿದ್ದನ್ನು ತನ್ನ ಕಣ್ಣು ಒಪ್ಪಲಿಲ್ಲ. ಇದನ್ನು ದೌರ್ಬಲ್ಯವೆಂದು ಕರೆಯಲು ನನಗೆ ಮನಸ್ಸಾಗದು. ಲೋಕವೆಲ್ಲ ನಿಮ್ಮೊಳಗೆ ತಲೆಕೆಳಗಾಗಿ ಬಿದ್ದಿದೆ ಎಂದರೆ ಯಾರು ತಾನೇ ಒಪ್ಪಿಯಾರು?

ಗ್ರಂಥ ಲ್ಯಾಟಿನ್ನಿಗೆ ಹೋಯಿತು, 1572ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು. ಅದೇ ಊರಿನ ವೈದ್ಯ ಫೆಲಿಕ್ಸ್ ಪ್ಲಾಟರ್ 1583ರಲ್ಲಿ, ಬೆಳಕನ್ನು ಅರಿಯುವುದು ಮಣಿಯಲ್ಲ, ಕಣ್ಣಿನ ಹಿಂದಿನ ಪರದೆ ಎಂದು ಬರೆದ. ಬಲೆಯಂತಿದೆ ಎಂದು ಗ್ರೀಕರು ಹೆಸರಿಟ್ಟ, ಅರಬ್ಬಿಯಲ್ಲೂ ಲ್ಯಾಟಿನ್ನಿನಲ್ಲೂ ಬಲೆಯಾಗಿಯೇ ಉಳಿದ, ಇಂದು ರೆಟಿನಾ ಎನ್ನುವ ಅಕ್ಷಿಪಟ ಅದು. ಅಷ್ಟು ಕಾಲ ಅದನ್ನು ಮುಖ್ಯವಾಗಿ ಮಣಿಯ ಪರಿಚಾರಿಕೆ ಎಂದು ತಿಳಿದಿದ್ದರು. ಪ್ಲಾಟರನ ಮಾತಿಗೆ ಗಣಿತ ಕೊಟ್ಟವನು ಪ್ರಾಗ್‌ನಲ್ಲಿದ್ದ ಯೊಹಾನ್ಸ್ ಕೆಪ್ಲರ್. ಬಾಲ್ಯದಲ್ಲಿ ಬಂದ ಸಿಡುಬಿನಿಂದ ಅವನ ದೃಷ್ಟಿ ಕುಂದಿತ್ತು. ಒಂದು ಚಂದ್ರನ ಜಾಗದಲ್ಲಿ ಅವನಿಗೆ ಹಲವು ಚಂದ್ರರು ಕಾಣುತ್ತಿದ್ದರು. 1600ರ ಜುಲೈ ತಿಂಗಳ ಸೂರ್ಯಗ್ರಹಣವನ್ನು ಗ್ರಾಜ್ ಪಟ್ಟಣದಲ್ಲಿ ಕಿಂಡಿಯ ಮೂಲಕ ನೋಡಿದಂದಿನಿಂದ, ಕಿಂಡಿಯಿಂದ ಬಿದ್ದ ಬಿಂಬದ ಅಳತೆ ಏಕೆ ವ್ಯತ್ಯಾಸವಾಗುತ್ತದೆ ಎಂಬ ಚಿಂತೆ ಅವನನ್ನು ಹಿಡಿಯಿತು. ಬೆಳಕಿನ ಕಿರಣದ ಬದಲು ದಾರ ಹಿಡಿದ. ಎತ್ತರದಲ್ಲಿಟ್ಟ ಪುಸ್ತಕದ ಅಂಚಿನ ಬಿಂದುಗಳಿಂದ, ಹಲವು ಮೂಲೆಗಳ ಕಿಂಡಿಯ ಅಂಚನ್ನು ಸವರಿಕೊಂಡು ದಾರವನ್ನು ನೆಲದವರೆಗೆ ಎಳೆದು ಗೆರೆ ಹಾಕಿದ. ಒಂದೊಂದು ಬಿಂದುವೂ ಕಿಂಡಿಯ ಆಕಾರವನ್ನು ಮೂಡಿಸಿತು. ಅವೆಲ್ಲ ಒಂದರ ಮೇಲೊಂದು ಬಿದ್ದು ಪುಸ್ತಕದ ಆಕಾರವಾಯಿತು.

1604ರಲ್ಲಿ ಹೊರಬಂದ ಅವನ ಗ್ರಂಥದ ಹೆಸರು ವಿನಯದ್ದು: ಹದಿಮೂರನೆಯ ಶತಮಾನದ ವಿಟೆಲೊನ ಗ್ರಂಥಕ್ಕೆ ಅನುಬಂಧ! ಆ ಅನುಬಂಧದಲ್ಲಿ ಅವನು ಓರೆ ಕಿರಣಗಳನ್ನು ಬಿಟ್ಟುಹಾಕದೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ. ಒಂದು ಬಿಂದುವಿನಿಂದ ಚೆಲ್ಲಿ ಕಣ್ಣಪಾಪೆಯನ್ನು ತುಂಬಿದ ಕಿರಣಗಳೆಲ್ಲವನ್ನೂ ಕಣ್ಣು ಮತ್ತೆ ಒಂದು ಬಿಂದುವಿಗೆ ಬಾಗಿಸಿ ತರುತ್ತದೆ. ಆ ಬಿಂದು ಅಕ್ಷಿಪಟದ ಮೇಲಿದೆ. ಅಲ್ಲಿ ಮೂಡುವುದು ಲೋಕದ ಚಿತ್ರ, ಮತ್ತು ಅದು ತಲೆಕೆಳಗಾಗಿದೆ. ಅವನೂ ಇದರಿಂದ ಬಹಳ ನೊಂದ, ತಪ್ಪಿಸಲು ಹೆಣಗಿದ. ಕೊನೆಗೆ ಗಣಿತ ಹೇಳಿದ್ದನ್ನು ಇದ್ದಂತೆಯೇ ಬರೆದ. ಆ ಚಿತ್ರವನ್ನು ಆತ್ಮ ಹೇಗೆ ಗ್ರಹಿಸುತ್ತದೆ ಎಂಬುದನ್ನು ಪ್ರಕೃತಿತತ್ತ್ವದ ಪಂಡಿತರಿಗೆ ಬಿಟ್ಟಿದ್ದೇನೆ ಎಂದು ಕೈಮುಗಿದ. ಮೂವತ್ತಮೂರು ವರ್ಷಗಳ ತರುವಾಯ ದೆಕಾರ್ತ್, ಎತ್ತಿನ ಕಣ್ಣಿನ ಹಿಂಭಾಗದ ಪದರವನ್ನು ಕತ್ತರಿಸಿ ಮೊಟ್ಟೆಯ ಚಿಪ್ಪನ್ನೋ ಕಾಗದವನ್ನೋ ಇಟ್ಟರೆ ಆ ಚಿತ್ರ ಕಣ್ಣಿಗೇ ಕಾಣುತ್ತದೆ ಎಂದು ವಿವರಿಸಿದ.

ಹಾಗಿದ್ದರೂ ವೈದ್ಯರ ಸೂಜಿಗೆ ಈ ಸುದ್ದಿ ಮುಟ್ಟಲು ಇನ್ನೂ ಬಹಳ ಕಾಲ ಹಿಡಿಯಿತು. 1705ರಲ್ಲಿ ಫ್ರಾನ್ಸಿನ ಬ್ರಿಸ್ಸೋ ಸತ್ತ ಸೈನಿಕನೊಬ್ಬನ ಪೊರೆಗಣ್ಣನ್ನು ಕೊಯ್ದು, ಅಲ್ಲಿ ಪೊರೆಯೇ ಇಲ್ಲ, ಮಣಿಯೇ ಮಬ್ಬಾಗಿದೆ ಎಂದು ತೋರಿಸಿದಾಗಲೂ ಪಂಡಿತರು ಸುಲಭವಾಗಿ ಒಪ್ಪಲಿಲ್ಲ. ಮಣಿ ಬರಿಯ ಗಾಜಿನಂಥದ್ದು ಎಂದು ನಿಸ್ಸಂಶಯವಾದ ಮೇಲೆಯೇ ಅದನ್ನು ತೆಗೆಯುವ ಧೈರ್ಯ ಬಂದದ್ದು. ತೆಗೆದ ಜಾಗದಲ್ಲಿ ಮೊದಲ ಕೃತಕ ಮಸೂರ ಕೂತದ್ದು 1949ರಲ್ಲಿ, ಲಂಡನ್ನಿನಲ್ಲಿ.

ಇದನ್ನೆಲ್ಲ ಅವ್ವನಿಗೆ ಹೇಳುವುದು ಹೇಗೆ? ಹೇಳಿ ನೋಡಿದೆ, ಅವಳು ಆಕಳಿಸಿದಳು. ಒಂದು ಮಧ್ಯಾಹ್ನ ಅವಳು ಪಂಚಾಂಗ ಓದಲು ಇಟ್ಟುಕೊಂಡ ಭೂತಗನ್ನಡಿಯನ್ನು ತೆಗೆದುಕೊಂಡು, ಕೋಣೆಯ ದೀಪ ಆರಿಸಿ, ಕಿಟಕಿಯ ಎದುರಿನ ಗೋಡೆಯಿಂದ ಒಂದು ಗೇಣು ದೂರಕ್ಕೆ ಹಿಡಿದೆ. ಸ್ವಲ್ಪ ಹಿಂದೆ ಮುಂದೆ ಮಾಡಿದಾಗ ಗೋಡೆಯ ಮೇಲೆ ಕಿಟಕಿ ಮೂಡಿತು. ಆಚೆಯ ಕಟ್ಟಡ, ಅದರ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ, ಎಲ್ಲ ಪುಟ್ಟದಾಗಿ, ಬಣ್ಣಬಣ್ಣವಾಗಿ, ತಲೆಕೆಳಗಾಗಿ. ಅವ್ವ ಗೋಡೆಗೆ ಮುಖ ತಾಗುವಷ್ಟು ಹತ್ತಿರ ಹೋಗಿ ಎಡಗಣ್ಣಿನಿಂದ ನೋಡಿದಳು. ಗಾಳಿಗೆ ಬಟ್ಟೆ ಅಲುಗಿದಾಗ ಗೋಡೆಯ ಮೇಲೂ ಅಲುಗಿತು.

“ಈ ಭೂತಗನ್ನಡಿ ಏನಾರ ನೋಡ್ತದೇನು?” ಎಂದು ಕೇಳಿದೆ.

“ಇಲ್ಲ. ಬೆಳಕು ತಂದು ಗೋಡಿ ಮ್ಯಾಲೆ ಹಾಕ್ತದ.”

“ಕಣ್ಣಿನ ಮಣೀದೂ ಅಷ್ಟ ಕೆಲಸ. ಈ ಗಾಜು ಮಬ್ಬಾದ್ರ ಬ್ಯಾರೆ ಗಾಜು ಹಿಡದ್ರಾತು.”

ಅವಳು ಬಹಳ ಹೊತ್ತು ಗೋಡೆಯನ್ನೇ ನೋಡುತ್ತಿದ್ದಳು. ಗೆದ್ದೆನೆಂದುಕೊಂಡೆ. ಆಗ ಕೇಳಿದಳು: “ಖರೆ. ಆದ್ರ ಗೋಡೀನೂ ನೋಡೂದಿಲ್ಲಲ್ಲೋ. ಮತ್ತ ನೋಡಾವ ಯಾರು?”

ಕೆಪ್ಲರ್ ಕೈಮುಗಿದ ಜಾಗಕ್ಕೆ ಅವಳು ಬಂದು ನಿಂತಿದ್ದಳು. ನನ್ನ ಬಳಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ. ಅದರಿಂದ ಅವಳಿಗೆ ಸಮಾಧಾನವಾದಂತೆ ತೋರಿತು. “ಹಂಗಾರ ಅವಾ ಇನ್ನೂ ಒಳಗ ಇದ್ದಾನ. ಮಣಿ ತಗದ್ರ ಅವಗೇನೂ ಆಗೂದಿಲ್ಲ,” ಎಂದು ತಾನೇ ತೀರ್ಮಾನಿಸಿ, ಒಳ್ಳೆಯ ದಿನ ನೋಡಲು ಪಂಚಾಂಗ ಕೇಳಿದಳು.

ಬಲಗಣ್ಣಿನ ಶಸ್ತ್ರಚಿಕಿತ್ಸೆ ಅರ್ಧ ಗಂಟೆಯೊಳಗೆ ಮುಗಿಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಬಂದವಳು ನಡುಮನೆಯಲ್ಲಿ ನಿಂತು, “ಗೋಡಿಗೆ ನೀಲಿ ಹಾಕೀರೇನೋ?” ಎಂದು ಕೇಳಿದಳು, ಬಿಳಿ ಪತ್ತಲಕ್ಕೆ ನೀಲಿ ಹಾಕುವಂತೆ. ಗೋಡೆ ಅದೇ, ಐದು ವರ್ಷದ ಹಿಂದೆ ಬಳಿಸಿದ ಬಿಳಿಯ ಬಣ್ಣ. ಅವಳಿಗೆ ನಂಬಿಕೆಯಾಗಲಿಲ್ಲ. ಅಂಗೈಯಿಂದ ಬಲಗಣ್ಣನ್ನು ಮುಚ್ಚಿದಳು: ಗೋಡೆ ಹಳದಿ. ಎಡಗಣ್ಣನ್ನು ಮುಚ್ಚಿದಳು: ಬಿಳಿ. ಆಮೇಲೆ ದಿನವೂ ಇದೇ ಆಟವಾಯಿತು. ಹಾಲು, ಅನ್ನ, ಅಪ್ಪನ ಹಳೆಯ ಧೋತರ, ದೇವರ ಮುಂದಿನ ಮಲ್ಲಿಗೆ, ಎಲ್ಲವನ್ನೂ ಒಮ್ಮೆ ಆ ಕಣ್ಣಿನಿಂದ, ಒಮ್ಮೆ ಈ ಕಣ್ಣಿನಿಂದ ನೋಡಿ, ಎರಡರ ವ್ಯತ್ಯಾಸವನ್ನು ನಮಗೆ ವರದಿ ಮಾಡುತ್ತಿದ್ದಳು.

ಎಡಗಣ್ಣಿಗೆ ದಿನ ಗೊತ್ತುಮಾಡಲು ನಾನು ಫೋನ್ ಕೈಗೆತ್ತಿಕೊಂಡಾಗ ಅವಳು ತಡೆದಳು.

“ಇನ್ನೂ ನಾಕ್ ದಿನ ತಡೀ,” ಎಂದಳು. “ಆ ಮಣೀನೂ ತಗದ್ ಮ್ಯಾಲೆ ಇದು ಹೆಂಗ ಕಾಣ್ತಿತ್ತು ಅಂತ ಮತ್ತ ನೋಡಾಕ ಆಗೂದಿಲ್ಲಲ್ಲ.”